36 ಅಂತಿದ್ದ ನಾನು 34ಕ್ಕೆ ಬಂದಿದ್ದು

ಬ್ಲೌಸ್ ಹೊಲಿಯುವ ಅಕ್ಕ ನನ್ನ ಎದೆ ಸುತ್ತಳತೆ 37 ಅಂತ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಬ್ರಾ ಅಂಗಡಿಯಲ್ಲಿ 37 ಅನ್ನೋದು ಸಿಗುವುದಿಲ್ಲ, 32, 34, 36 ಹೀಗೆ ಸರಿಸಂಖ್ಯೆಗಳೇ. "36 ತಗೊಳ್ಳಿ ಮೇಡಂ, ಸರಿಹೋಗುತ್ತೆ" ಅಂದ ಕೌಂಟರಿನ ಹುಡುಗ. ಕಪ್ ಯಾವುದು ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪಕ್ಕದಲ್ಲಿ ನಾಲ್ಕು ಜನ ನಿಂತಿರುವಾಗ ಆದಷ್ಟು ಬೇಗ ಕವರ್ ಹಿಡಿದು ಹೊರಗೆ ಬಂದರೆ ಸಾಕಿತ್ತು. ಡಬ್ಬಿ ಮೇಲೆ 36ಬಿ ಅಂತಿತ್ತು. ಮುಂದಿನ ಎಂಟು ವರ್ಷ ಅದೇ ನನ್ನ ಸೈಜ್.

ಕಪ್ ಸರಿಯಾಗಿಯೇ ಕೂರುತ್ತಿತ್ತು. ಅದಕ್ಕೇ ಸೈಜಿನ ಮೇಲೆ ಅನುಮಾನ ಬರಲಿಲ್ಲ. ತೊಂದರೆ ಇದ್ದದ್ದು ಬೆನ್ನ ಕಡೆ. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಪಟ್ಟಿ ಮೇಲೆ ಏರಿರುತ್ತಿತ್ತು. ಮುಂಭಾಗ ಜಗ್ಗಿತು ಅಂತ ಹೆಗಲ ಪಟ್ಟಿ ಬಿಗಿ ಮಾಡುತ್ತಿದ್ದೆ. ಬಿಗಿ ಮಾಡಿದಷ್ಟೂ ಹಿಂದಿನದು ಇನ್ನೂ ಮೇಲಕ್ಕೆ! ಸಂಜೆ ಬಿಚ್ಚಿದಾಗ ಹೆಗಲ ಮೇಲೆ ಎರಡು ಕೆಂಪು ಗೆರೆ. ಎಲ್ಲರಿಗೂ ಹೀಗೇ ಇರುತ್ತೆ ಅಂದುಕೊಂಡಿದ್ದೆ.

ಒಂದು ಭಾನುವಾರ ರೂಮಿನ ಬಾಗಿಲು ಹಾಕಿಕೊಂಡು, ಬೀರುವಿನ ಕನ್ನಡಿ ಮುಂದೆ ಟೇಪ್ ಹಿಡಿದು ನಿಂತೆ. ಹೊಲಿಗೆ ಡಬ್ಬಿಯ ಹಳೇ ಟೇಪ್ ಅದು. ಯಾಕೋ ಅನುಮಾನ ಬಂದು ಮಗಳ ಸ್ಕೇಲಿನ ಪಕ್ಕ ಇಟ್ಟು ನೋಡಿದರೆ, ತುದಿಯ ತಗಡು ಯಾವತ್ತೋ ಬಿದ್ದುಹೋಗಿ ಅರ್ಧ ಇಂಚನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಹೊಸ ಟೇಪ್ ತಂದು ಮತ್ತೆ ಶುರು ಮಾಡಿದೆ. ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ. ಅರ್ಧ ಇಂಚು ಸೈಜನ್ನೇ ಬದಲಿಸಿಬಿಡುತ್ತೆ.

ಮೊದಲ ಅಳತೆ ಸ್ತನಗಳ ಕೆಳಗೆ, ಪಕ್ಕೆಲುಬಿನ ಸುತ್ತ. ಉಸಿರು ಪೂರ್ತಿ ಬಿಟ್ಟು, ಟೇಪನ್ನು ಮೈಗೆ ಒತ್ತುವ ಹಾಗೆ ಹಿಡಿಯಬೇಕು. ಇಲ್ಲಿ ಎಡವುವುದು ಬೆನ್ನ ಹಿಂದೆ, ನಮಗೆ ಕಾಣದ ಜಾಗದಲ್ಲಿ ಟೇಪ್ ಜಾರಿರುತ್ತೆ. ನನಗೆ ಮೊದಲ ಸಲ 31 ಬಂತು. ಪಕ್ಕಕ್ಕೆ ತಿರುಗಿ ಕನ್ನಡಿಯಲ್ಲಿ ನೋಡಿದರೆ ಹಿಂದೆ ಟೇಪ್ ಸೊಂಟದ ಕಡೆ ಇಳಿದಿತ್ತು. ನೆಟ್ಟಗೆ ಮಾಡಿ ಅಳೆದಾಗ ಇಪ್ಪತ್ತೊಂಬತ್ತೂವರೆ.

ಎರಡನೆಯದು ಎದೆಯ ತುಂಬು ಭಾಗದಲ್ಲಿ. ಪ್ಯಾಡ್ ಇಲ್ಲದ ತೆಳು ಬ್ರಾ ಹಾಕಿಕೊಂಡು, ಟೇಪ್ ಒತ್ತದೆ ಸುಮ್ನೆ ತಾಗಿಸಬೇಕು. ನಿಂತಾಗ 36 ಬಂತು, ಮುಂದಕ್ಕೆ ಬಾಗಿದಾಗ 38. ನಡುವಿನ 37 ಇಟ್ಟುಕೊಂಡೆ. ಮುಟ್ಟಿನ ಹಿಂದಿನ ವಾರ ಅಳೆಯಲು ಹೋಗಬೇಡಿ, ಆಗ ಎದೆ ಸ್ವಲ್ಪ ಊದಿರುತ್ತೆ. ಎರಡೂ ಸ್ತನ ಒಂದೇ ಅಳತೆ ಇಲ್ಲ ಅಂತ ಗಾಬರಿಯೂ ಬೇಡ. ಬಹಳ ಜನಕ್ಕೆ ಹಾಗೇ. ದೊಡ್ಡದಕ್ಕೆ ಸರಿಯಾಗುವ ಕಪ್ ತಗೊಂಡರಾಯಿತು.

ಈಗ ಲೆಕ್ಕ. ತಲೆ ಕೆಟ್ಟಿದ್ದು ಇಲ್ಲೇ. ಕೆಳಗಿನ ಅಳತೆಗೆ 4 ಕೂಡಿಸಿ ಅಂತ ಕೆಲವರು, ಕೂಡಿಸಲೇಬೇಡಿ ಅಂತ ಇನ್ನು ಕೆಲವರು. ಕೂಡಿಸದಿದ್ದರೆ ನಾನು 30. ಆ ಸೈಜಿನಲ್ಲಿ ನನಗೆ ಬೇಕಾದ ದೊಡ್ಡ ಕಪ್ ನಮ್ಮ ಊರಿನ ಒಂದು ಅಂಗಡಿಯಲ್ಲೂ ಇಲ್ಲ. ಹಿಂದೊಮ್ಮೆ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಯಲ್ಲಿ ಕೊಂಡಿದ್ದ ಒಂದು ಬ್ರಾ ನೆನಪಾಯಿತು. ಅದರ ಚೀಟಿಯ ಮೇಲೆ ಯುರೋಪಿನ ಸೈಜ್ 75, ಪಕ್ಕದಲ್ಲೇ 34 ಅಂತ ಇತ್ತು. 75 ಸೆಂಟಿಮೀಟರ್ ಅಂದರೆ ಇಪ್ಪತ್ತೊಂಬತ್ತೂವರೆ ಇಂಚು, ನನ್ನ ಪಕ್ಕೆಲುಬಿನ ಸುತ್ತಳತೆಯೇ! ಅಂದರೆ ಆ 34ರೊಳಗೆ ನಾಲ್ಕು-ನಾಲ್ಕೂವರೆ ಇಂಚು ಮೊದಲೇ ಸೇರಿಕೊಂಡಿದೆ. ನಮ್ಮ ಅಂಗಡಿಗಳ ಬಹಳಷ್ಟು ಬ್ರಾಗಳೂ ಹೆಚ್ಚುಕಮ್ಮಿ ಇದೇ ಲೆಕ್ಕದವು. ಆದರೂ ಕೊಳ್ಳುವ ಮೊದಲು ಆಯಾ ಕಂಪನಿಯ ಪಟ್ಟಿ ನೋಡಿಯೇ ಕೊಳ್ಳಿ, ಎಲ್ಲರದ್ದೂ ಒಂದೇ ಥರ ಇರಲ್ಲ.

ಸರಿ, ನನ್ನದು 34. ಎದೆಯ 37ರಲ್ಲಿ 34 ಕಳೆದರೆ 3. ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಹಾಗಾಗಿ 34ಸಿ.

"ಸಿ" ಅಂದಕೂಡಲೇ ಬಹಳ ದೊಡ್ಡದು ಅಂದುಕೊಳ್ಳುತ್ತೇವೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 36ಬಿ, 34ಸಿ, 32ಡಿ ಮೂರರ ಕಪ್ ಹಿಡಿಯುವುದು ಸುಮಾರು ಒಂದೇ. ಬ್ಯಾಂಡ್, ಅಂದರೆ ಮೈ ಸುತ್ತ ಬರುವ ಪಟ್ಟಿ, ಒಂದು ಸೈಜ್ ಇಳಿದರೆ ಕಪ್ಪಿನ ಅಕ್ಷರ ಒಂದು ಮೇಲೇರುತ್ತೆ. ಎಂಟು ವರ್ಷ ನನಗೆ ಕಪ್ ಸರಿಹೋಗಿ ಬೆನ್ನು ಮಾತ್ರ ಸಡಿಲವಾಗಿದ್ದದ್ದು ಇದಕ್ಕೇ. ಭಾರ ಹೊರಬೇಕಾದ ಬ್ಯಾಂಡ್ ಸಡಿಲವಾದಾಗ ಆ ಕೆಲಸ ಹೆಗಲ ಪಟ್ಟಿಗೆ ಬೀಳುತ್ತೆ.

34ಸಿ ಮತ್ತು 32ಡಿ ಎರಡನ್ನೂ ತರಿಸಿ ಮನೆಯಲ್ಲೇ ಹಾಕಿ ನೋಡಿದೆ. ಹುಕ್ಕನ್ನು ಎಲ್ಲಕ್ಕಿಂತ ಸಡಿಲದ ಸಾಲಿಗೆ ಹಾಕಬೇಕು. ಒಗೆದು ಒಗೆದು ಎಲಾಸ್ಟಿಕ್ ಸಡಿಲವಾದಾಗ ಒಳಗಿನ ಸಾಲುಗಳು ಬೇಕಾಗುತ್ತವಲ್ಲ. ಆಮೇಲೆ ಮುಂದಕ್ಕೆ ಬಾಗಿ, ಕಂಕುಳ ಪಕ್ಕದ್ದನ್ನೂ ಕೈಯಿಂದ ಕಪ್ಪಿನೊಳಗೆ ಸೇರಿಸಿಕೊಂಡೆ. ಇದನ್ನು ಮಾಡದೆ ಕನ್ನಡಿ ನೋಡಿದರೆ ಕಪ್ ದೊಡ್ಡದಾಯಿತು ಅನ್ನಿಸಿಬಿಡುತ್ತೆ. ಕೈ ಮೇಲೆತ್ತಿದೆ, ಬ್ಯಾಂಡ್ ಅಲ್ಲಾಡಲಿಲ್ಲ. ಅದರಡಿ ಎರಡು ಬೆರಳು ಹೋಯಿತು. 32ಡಿ ಮಾತ್ರ ಕುರ್ಚಿಯಲ್ಲಿ ಕೂತ ತಕ್ಷಣ ಪಕ್ಕೆ ಒತ್ತಿತು. ವಾಪಸ್ ಕಳಿಸಿದೆ. 34ಸಿ ಕೂಡ ಮೊದಲ ಎರಡು ದಿನ ಬಿಗಿ ಅನ್ನಿಸಿತ್ತು. ಸಡಿಲಕ್ಕೆ ಒಗ್ಗಿದ್ದ ಮೈ.

ಅಮ್ಮ ಬಂದಾಗ ಅವರನ್ನೂ ಅಳೆಯುತ್ತೇನೆ ಅಂದೆ. "ಈ ವಯಸ್ಸಲ್ಲಿ ಬ್ರಾಗೆ ಅಳತೆ ಏನೇ, ಸುಮ್ನಿರು" ಅಂದರು. ಮಾರನೇ ದಿನ ಸ್ನಾನ ಮುಗಿಸಿ ಬಂದವರು ಬಾಗಿಲು ಸ್ವಲ್ಪ ತೆರೆದು, "ಆ ಟೇಪ್ ಎಲ್ಲಿಟ್ಟೆ?" ಅಂದರು.