ಮೋಲ್ ಲೆಕ್ಕ ನನಗೆ ಕೈಹತ್ತಿದ್ದು ಹೇಗೆ

ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ ನಾನು. ಪಿಯುಸಿಗೆ ಸೈನ್ಸ್ ತಗೊಂಡಾಗ ಕೆಮಿಸ್ಟ್ರಿ ಥಿಯರಿ ಹೆಂಗೋ ಬಾಯಿಪಾಠ ಮಾಡ್ತಿದ್ದೆ, ಪ್ರಾಬ್ಲಂ ಬಂದ್ರೆ ಮಾತ್ರ ಪೆನ್ನು ಮುಂದಕ್ಕೇ ಹೋಗ್ತಿರ್ಲಿಲ್ಲ. ಗ್ಯಾಸ್‌ಗೊಂದು ಫಾರ್ಮುಲಾ, ಮೋಲ್‌ಗೊಂದು (ಡಜನ್ ಥರ, ಅಣು-ಪರಮಾಣುಗಳನ್ನ ಎಣಿಸೋ ದೊಡ್ಡ ಲೆಕ್ಕ), ಎಲೆಕ್ಟ್ರಾಲಿಸಿಸ್‌ಗೆ (ದ್ರಾವಣದಲ್ಲಿ ಕರೆಂಟ್ ಹರಿಸಿ ವಸ್ತು ಬೇರೆ ಮಾಡೋದು) ಇನ್ನೊಂದು ಅಂತ ಬೇರೆ ಬೇರೆ ಬರ್ಕೊಂಡು, ಪರೀಕ್ಷೇಲಿ ಯಾವ್ದು ಎಲ್ಲಿಗೆ ಹಾಕ್ಬೇಕು ಅಂತ ಗೊತ್ತಾಗ್ದೆ ಸುಮ್ನೆ ಕೂತಿದ್ದೀನಿ. ಎಷ್ಟೋ ದಿನ ಆದ್ಮೇಲೆ ಹೊಳೀತು, ಮೂರೂ ಒಂದೇ ಲೆಕ್ಕ. ಗ್ರಾಂ ಕೊಡ್ಲಿ, ಲೀಟರ್ ಕೊಡ್ಲಿ, ಕೂಲಂಬ್ (ಚಾರ್ಜ್ ಅಳೆಯೋ ಯೂನಿಟ್) ಕೊಡ್ಲಿ, ಮೊದಲು ಮೋಲ್ ಮಾಡ್ಕೋ, ಅಲ್ಲಿಂದ ಅವರು ಕೇಳಿರೋ ಕಡೆ ಹೋಗು. ಬೆಂಗಳೂರಲ್ಲಿ ದಾರಿ ಗೊತ್ತಿಲ್ದೋರು ಮೆಜೆಸ್ಟಿಕ್‌ಗೆ ಹೋಗಿ ಬಸ್ ಬದಲಾಯಿಸ್ತಾರಲ್ಲ, ಹಾಗೆ.

ಈಗ ಅಕ್ಕನ ಮಗಳು ಸೆಕೆಂಡ್ ಪಿಯು, ಅವಳಿಗೂ ಇದನ್ನೇ ಹೇಳ್ಕೊಡ್ತಿದ್ದೀನಿ. "ಮಾಮ, ಯಾವ ಫಾರ್ಮುಲಾ ಹಾಕ್ಲಿ?" ಅಂದ್ಲು. ಫಾರ್ಮುಲಾ ಆಮೇಲೆ ಪುಟ್ಟಿ, ನಮ್ಮನೆ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್ ಇರುತ್ತೆ, ಎಲ್ಲಾ ಬ್ಯೂಟೇನೇ ಅಂದ್ಕೋ, ಆಚೆ ಬಿಟ್ರೆ ಎಷ್ಟು ಲೀಟರ್ ಆಗುತ್ತೆ ಅಂತ ಕೇಳ್ದೆ. 14200 ಗ್ರಾಂನ ಒಂದು ಮೋಲ್ ಬ್ಯೂಟೇನ್ ತೂಕ 58 ಗ್ರಾಂನಿಂದ ಭಾಗಿಸಿ 245 ಮೋಲ್ ತಂದ್ಲು, ಅಲ್ಲೀವರೆಗೂ ಸರಿ. ಆಮೇಲೆ ಗ್ಯಾಸ್ ಫಾರ್ಮುಲಾದಲ್ಲಿ (ಲೀಟರ್ = ಮೋಲ್ × ಆರ್ ಅನ್ನೋ ಗ್ಯಾಸ್ ಸ್ಥಿರಾಂಕ × ತಾಪಮಾನ ÷ ಒತ್ತಡ), ನಾನು ತಾಪಮಾನ 27 ಡಿಗ್ರಿ ಅಂದಿದ್ದಕ್ಕೆ 27ನ್ನೇ ಹಾಕಿ 549 ಲೀಟರ್ ಅಂದ್ಲು. 273 ಕೂಡಿಸಿ ಕೆಲ್ವಿನ್ ಮಾಡೋದು ಮರೆತಿದ್ಲು. 300 ಹಾಕಿ, ಒತ್ತಡ 1 ಬಾರ್ ಇಟ್ಟು, ಆರ್ ಬೆಲೆ 0.083 ತಗೊಂಡ್ರೆ 6100 ಲೀಟರ್! ಮಹಡಿ ಮೇಲಿರೋ ಸಾವಿರ ಲೀಟರ್ ಟ್ಯಾಂಕ್ ಆರು ತುಂಬಿ ಇನ್ನೂ ಮಿಗುತ್ತೆ. ಗ್ಯಾಸ್ ಲೀಕ್ ಆದ್ರೆ ಯಾಕೆ ಅಷ್ಟು ಹೆದರ್ತೀವಿ ಅನ್ನೋದು ಆ ಲೆಕ್ಕದಲ್ಲೇ ಅವಳಿಗೆ ಅರ್ಥ ಆಯ್ತು.

ನನ್ನನ್ನ ತುಂಬಾ ಕಾಡಿದ್ದು 22.4 ಮತ್ತು 22.7. ಒಂದು ಪುಸ್ತಕದಲ್ಲಿ ಅದು, ಇನ್ನೊಂದ್ರಲ್ಲಿ ಇದು, ಯಾವ್ದೋ ಒಂದು ಪ್ರಿಂಟ್ ಮಿಸ್ಟೇಕ್ ಅಂದ್ಕೊಂಡಿದ್ದೆ. ಎರಡೂ ಸರಿ. ಸೊನ್ನೆ ಡಿಗ್ರೀಲಿ ಒತ್ತಡ 1 ಅಟ್ಮಾಸ್ಫಿಯರ್ ಇದ್ರೆ ಒಂದು ಮೋಲ್ ಗ್ಯಾಸ್ 22.4 ಲೀಟರ್, 1 ಬಾರ್ ಇದ್ರೆ 22.7. 1982ರಲ್ಲಿ ಎಸ್‌ಟಿಪಿ (ಗ್ಯಾಸ್ ಹೋಲಿಸೋಕೆ ಎಲ್ಲರೂ ಒಪ್ಪಿರೋ ತಾಪಮಾನ, ಒತ್ತಡ) ಒತ್ತಡನ 1 ಬಾರ್‌ಗೆ ಬದಲಾಯಿಸಿದ್ರು, ಹಳೇ ನಂಬರ್ ಮಾತ್ರ ಎಲ್ಲರ ಬಾಯಲ್ಲಿ ಉಳ್ಕೊಂಡಿದೆ.

ಚಾರ್ಜ್ ಲೆಕ್ಕದಲ್ಲೂ ದಾರಿ ಅದೇ, ಒಂದು ಮೋಲ್ ಎಲೆಕ್ಟ್ರಾನ್ ಅಂದ್ರೆ ಸುಮಾರು 96500 ಕೂಲಂಬ್. ಕಾಪರ್ ಸಲ್ಫೇಟ್‌ನಲ್ಲಿ 2 ಆಂಪಿಯರ್ 30 ನಿಮಿಷ ಹರಿಸಿದ್ರೆ 3600 ಕೂಲಂಬ್, ಅಂದ್ರೆ 0.0373 ಮೋಲ್ ಎಲೆಕ್ಟ್ರಾನ್, ಒಂದು ತಾಮ್ರದ ಅಯಾನ್‌ಗೆ ಎರಡು ಎಲೆಕ್ಟ್ರಾನ್ ಬೇಕು ಅದಕ್ಕೆ ಅರ್ಧ ಮಾಡು, ಒಂದು ಮೋಲ್ ತಾಮ್ರದ ತೂಕ 63.5ರಿಂದ ಗುಣಿಸು, 1.18 ಗ್ರಾಂ. ನಾನು ನಿಮಿಷನ ಸೆಕೆಂಡ್ ಮಾಡೋದು ಮರೆತು 0.02 ಗ್ರಾಂ ಬರೆದು ಮಾರ್ಕ್ಸ್ ಕಳ್ಕೊಂಡಿದ್ದೀನಿ. ಅವತ್ತಿಂದ ಪ್ರತಿ ಸಂಖ್ಯೆ ಪಕ್ಕ ಯೂನಿಟ್ ಬರೀದೆ ಮುಂದಿನ ಸ್ಟೆಪ್‌ಗೆ ಹೋಗಲ್ಲ, ಮೇಲೆ ಕೆಳಗೆ ಹೊಡೆದಾಕಿ ಕೊನೇಲಿ ಬೇಕಾದ ಯೂನಿಟ್ ಉಳಿದ್ರೆ ಮಾತ್ರ ಕ್ಯಾಲ್ಕುಲೇಟರ್ ಮುಟ್ಟೋದು.

ಮೊನ್ನೆ ಅವಳೇ ಫೋನ್ ಬಾಕ್ಸ್ ಮೇಲೆ 5000 ಎಂಎಎಚ್ ಅಂತ ಇರೋದು ನೋಡಿ ಲೆಕ್ಕಕ್ಕೆ ಕೂತ್ಲು. ಅಂದ್ರೆ ಒಂದು ಗಂಟೆ 5 ಆಂಪಿಯರ್ ಕೊಡೋ ಚಾರ್ಜ್, 3600 ಸೆಕೆಂಡ್, 18000 ಕೂಲಂಬ್, 0.187 ಮೋಲ್ ಎಲೆಕ್ಟ್ರಾನ್, ಲಿಥಿಯಂ ಅಯಾನ್‌ಗೆ ಒಂದೇ ಎಲೆಕ್ಟ್ರಾನ್, ಒಂದು ಮೋಲ್ ಲಿಥಿಯಂ ತೂಕ ಏಳರಿಂದ ಗುಣಿಸಿದ್ರೆ 1.3 ಗ್ರಾಂ. "ಇಡೀ ದಿನ ಫೋನ್ ನಡೆಯೋಕೆ ಓಡಾಡೋ ಲಿಥಿಯಂ ಇಷ್ಟೇನಾ ಮಾಮ?" ಅಂತ ನಂಬ್ದೆ ಮತ್ತೆ ಮೊದಲಿಂದ ಮಾಡಿದ್ಲು. ಅಷ್ಟೇ ಬಂತು.