ಕಲ್ಕತ್ತಾ ಕಪ್ ನೋಡಲು ಎಡಿನ್‌ಬರೊಗೆ ಹೋಗುವವರಿಗೆ

ವಿದೇಶಕ್ಕೆ ಹೋಗಿ ಒಂದೇ ಒಂದು ರಗ್ಬಿ ಪಂದ್ಯ ನೋಡುವುದಾದರೆ ಯಾವುದನ್ನು ನೋಡಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಬಹಳ ಕಾಲದಿಂದ ಬದಲಾಗಿಲ್ಲ. ಸ್ಕಾಟ್ಲೆಂಡ್ ತಂಡವು ಎಡಿನ್‌ಬರೊದ ಮರ್ರೇಫೀಲ್ಡ್ ಕ್ರೀಡಾಂಗಣದಲ್ಲಿ ಇಂಗ್ಲೆಂಡನ್ನು ಎದುರಿಸುವ ಕಲ್ಕತ್ತಾ ಕಪ್ ಪಂದ್ಯವನ್ನು ನೋಡಬೇಕು. ಆಟದ ರೋಚಕತೆಯ ಜೊತೆಗೆ ನಮ್ಮ ದೇಶದವರಿಗೆ ಅಲ್ಲಿ ಇನ್ನೊಂದು ಕಾರಣವೂ ಇದೆ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತೆಯಲ್ಲಿ ನೆಲೆಸಿದ್ದ ಬ್ರಿಟಿಷರು ಆಡಿದ ಒಂದು ಪಂದ್ಯದ ಹುರುಪಿನಲ್ಲಿ ಹುಟ್ಟಿಕೊಂಡ ಕಲ್ಕತ್ತಾ ಫುಟ್‌ಬಾಲ್ ಕ್ಲಬ್, ಅಲ್ಲಿನ ಸೆಖೆಗೆ ಹೆಚ್ಚು ಹೊಂದುವ ಟೆನಿಸ್ ಮತ್ತು ಪೋಲೊ ಆಟಗಳ ಕಡೆಗೆ ಸದಸ್ಯರು ವಾಲಿದ್ದರಿಂದ ಕೆಲವೇ ವರ್ಷಗಳಲ್ಲಿ ಸೊರಗಿತು. ಅದನ್ನು ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ 270 ಬೆಳ್ಳಿಯ ರೂಪಾಯಿಗಳನ್ನು ಹಿಂಪಡೆದು, ಕರಗಿಸಿ, ಮೂರು ನಾಗರಹಾವುಗಳೇ ಹಿಡಿಗಳಾಗಿರುವ, ಮುಚ್ಚಳದ ಮೇಲೆ ಆನೆ ನಿಂತಿರುವ ಒಂದು ಕಪ್ ಮಾಡಿಸಿ, 1878ರಲ್ಲಿ ಇಂಗ್ಲೆಂಡಿನ ರಗ್ಬಿ ಫುಟ್‌ಬಾಲ್ ಯೂನಿಯನ್‌ಗೆ ಒಪ್ಪಿಸಿದರು. 1879ರಿಂದ ಇಂದಿನವರೆಗೆ ಎರಡು ದೇಶಗಳು ಆ ಬೆಳ್ಳಿಗಾಗಿ ಸೆಣಸುತ್ತಿವೆ.

ಈ ಪಂದ್ಯವು ಈಗ ಸಿಕ್ಸ್ ನೇಷನ್ಸ್ ಪಂದ್ಯಾವಳಿಯ ಭಾಗ. ಸ್ಕಾಟ್ಲೆಂಡ್, ಇಂಗ್ಲೆಂಡ್, ವೇಲ್ಸ್, ಐರ್ಲೆಂಡ್, ಫ್ರಾನ್ಸ್ ಮತ್ತು ಇಟಲಿ ಫೆಬ್ರುವರಿ–ಮಾರ್ಚ್ ತಿಂಗಳುಗಳಲ್ಲಿ ಪರಸ್ಪರ ಒಂದೊಂದು ಬಾರಿ ಮಾತ್ರ ಆಡುತ್ತವೆ. ಒಂದು ವರ್ಷ ಒಬ್ಬರ ನೆಲದಲ್ಲಿ ಆಡಿದರೆ ಮರುವರ್ಷ ಇನ್ನೊಬ್ಬರ ನೆಲದಲ್ಲಿ. ಇಂಗ್ಲೆಂಡ್ ತಂಡ ಎಡಿನ್‌ಬರೊಗೆ ಬರುವುದು ಸಮಸಂಖ್ಯೆಯ ವರ್ಷಗಳಲ್ಲಿ. ಬೆಸಸಂಖ್ಯೆಯ ವರ್ಷಗಳಲ್ಲಿ ಪಂದ್ಯ ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ ನಡೆಯುತ್ತದೆ. ಎರಡು ವರ್ಷಕ್ಕೊಮ್ಮೆ ಮಾತ್ರ ಬರುವ ಅವಕಾಶವಾದ್ದರಿಂದ ಸಿದ್ಧತೆಯನ್ನು ಕೊನೆಯ ತಿಂಗಳಿಗೆ ಬಿಡುವಂತಿಲ್ಲ.

ಸಿದ್ಧತೆಯಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದೇ ಮುಖ್ಯ. ನಮ್ಮಲ್ಲಿ ಬಹುಪಾಲು ಜನ ವಿಮಾನದ ಟಿಕೆಟ್ಟನ್ನು ಮೊದಲು ತೆಗೆದುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸುತ್ತಾರೆ. ರಗ್ಬಿ ಪ್ರವಾಸಕ್ಕೆ ಈ ಕ್ರಮ ಸರಿಹೊಂದುವುದಿಲ್ಲ. ಮೊದಲು ತಂಗುವ ಕೋಣೆ, ನಂತರ ಪಂದ್ಯದ ಟಿಕೆಟ್, ಆಮೇಲೆ ವೀಸಾ, ಎಲ್ಲಕ್ಕಿಂತ ಕೊನೆಗೆ ವಿಮಾನ.

ಪಂದ್ಯಾವಳಿಯ ವೇಳಾಪಟ್ಟಿ ಪ್ರಕಟವಾದ ದಿನವೇ, ಹಣ ಕಳೆದುಕೊಳ್ಳದೆ ರದ್ದು ಮಾಡಬಹುದಾದ ಕೋಣೆಯೊಂದನ್ನು ಕಾದಿರಿಸಿಕೊಳ್ಳಬೇಕು. ಎಡಿನ್‌ಬರೊ ದೊಡ್ಡ ಊರಲ್ಲ, ಮರ್ರೇಫೀಲ್ಡ್‌ನಲ್ಲಿ 67,000ಕ್ಕೂ ಹೆಚ್ಚು ಆಸನಗಳಿವೆ, ಇಂಗ್ಲೆಂಡಿನ ಬೆಂಬಲಿಗರು ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ; ಹೀಗಾಗಿ ಆ ವಾರಾಂತ್ಯದಲ್ಲಿ ಕೋಣೆಗಳ ಬಾಡಿಗೆ ಏರಿಯೇ ಏರುತ್ತದೆ. ನಗರದೊಳಗೆ ಕೋಣೆ ಸಿಗದಿದ್ದರೆ ನಿರಾಶರಾಗಬೇಕಿಲ್ಲ. ಗ್ಲಾಸ್ಗೊದ ಕ್ವೀನ್ ಸ್ಟ್ರೀಟ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು 50 ನಿಮಿಷದ ಪ್ರಯಾಣ. ದಾರಿಯಲ್ಲಿರುವ ಲಿನ್‌ಲಿತ್ಗೊ, ಫೋರ್ಥ್ ಸೇತುವೆಯಾಚೆಯ ಫೈಫ್ ಪ್ರದೇಶದ ಸಣ್ಣ ಊರುಗಳು ಇನ್ನೂ ಹತ್ತಿರ. ಈ ಎಲ್ಲ ಕಡೆಯ ರೈಲುಗಳೂ ಕ್ರೀಡಾಂಗಣಕ್ಕೆ ಸಮೀಪದ ಹೇಮಾರ್ಕೆಟ್ ನಿಲ್ದಾಣದಲ್ಲಿ ನಿಲ್ಲುವುದರಿಂದ, ನಗರದ ಇನ್ನೊಂದು ತುದಿಯಲ್ಲಿ ದುಬಾರಿ ಕೋಣೆ ಹಿಡಿಯುವುದಕ್ಕಿಂತ ಲಿನ್‌ಲಿತ್ಗೊದಂತಹ ಶಾಂತ ಊರಿನಲ್ಲಿ ಉಳಿಯುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ರಾತ್ರಿಯ ಕೊನೆಯ ರೈಲು ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ ಮೊದಲೇ ನೋಡಿಟ್ಟುಕೊಳ್ಳಬೇಕು. 2026ರ ಜುಲೈ 24ರಿಂದ ಎಡಿನ್‌ಬರೊ ನಗರದಲ್ಲಿ ತಂಗುವವರಿಗೆ ಮೊದಲ ಐದು ರಾತ್ರಿಗಳ ಬಾಡಿಗೆಯ ಮೇಲೆ ಶೇ 5ರಷ್ಟು ಪ್ರವಾಸಿ ತೆರಿಗೆ ಇರುವುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಇನ್ನು ಪಂದ್ಯದ ಟಿಕೆಟ್. ಈ ಇಡೀ ಪ್ರವಾಸದಲ್ಲಿ ನಿಜವಾಗಿ ಕಷ್ಟದ ಕೆಲಸ ಇದೊಂದೇ. ಸ್ಕಾಟ್ಲೆಂಡಿನ ರಗ್ಬಿ ಸಂಸ್ಥೆ ಟಿಕೆಟ್‌ಗಳನ್ನು ಒಮ್ಮೆಲೇ ಸಾರ್ವಜನಿಕರ ಮುಂದಿಡುವುದಿಲ್ಲ. ಬಹುಪಾಲು ಟಿಕೆಟ್‌ಗಳು ಮೊದಲು ಸ್ಥಳೀಯ ಕ್ಲಬ್‌ಗಳಿಗೆ ಮತ್ತು ಬೆಂಬಲಿಗರ ಸದಸ್ಯತ್ವ ಪಡೆದವರಿಗೆ ಹೋಗುತ್ತವೆ. ಉಳಿದವು ಸಾರ್ವಜನಿಕರಿಗೆ ಬರುತ್ತವೆ, ಇಂಗ್ಲೆಂಡ್ ವಿರುದ್ಧದ ಪಂದ್ಯಕ್ಕೆ ಹಾಗೆ ಉಳಿಯುವುದು ಕಡಿಮೆ. ಆದ್ದರಿಂದ ಒಂದು ವರ್ಷ ಮೊದಲೇ ಸಂಸ್ಥೆಯ ಅಧಿಕೃತ ಟಿಕೆಟ್ ತಾಣದಲ್ಲಿ ಖಾತೆ ತೆರೆದು, ಸದಸ್ಯತ್ವದ ನಿಯಮಗಳನ್ನು ಓದಿಕೊಂಡು, ಮಾರಾಟದ ದಿನಾಂಕಗಳ ಸೂಚನೆ ತಮಗೆ ಬರುವಂತೆ ಮಾಡಿಕೊಳ್ಳುವುದು ಉತ್ತಮ. ಅಲ್ಲೂ ಸಿಗದಿದ್ದರೆ ಎರಡು ಪ್ರಾಮಾಣಿಕ ದಾರಿಗಳಿವೆ: ಬರಲಾಗದವರು ತಮ್ಮ ಟಿಕೆಟ್ಟನ್ನು ಮರಳಿಸುವ ಅಧಿಕೃತ ಮರುಮಾರಾಟ, ಇಲ್ಲವೇ ಊಟ–ಆಸನ ಸೇರಿದ ಅಧಿಕೃತ ಆತಿಥ್ಯದ ಪ್ಯಾಕೇಜ್. ಎರಡನೆಯದು ದುಬಾರಿ, ಆದರೆ ಖಚಿತ. ಸಾಮಾಜಿಕ ಜಾಲತಾಣದಲ್ಲಿ ಯಾರೋ ಅಪರಿಚಿತರು ತೋರಿಸುವ ಟಿಕೆಟ್ಟಿನ ಚಿತ್ರವನ್ನು ನಂಬಿ ಹಣ ಕಳಿಸಲೇಬಾರದು. ನಿಯಮ ಮೀರಿ ಕೈಬದಲಾದ ಟಿಕೆಟ್ಟನ್ನು ರದ್ದುಮಾಡುವ ಹಕ್ಕು ಸಂಸ್ಥೆಗಿದೆ, ಬೆಂಗಳೂರಿನಿಂದ ಹೋದವರು ಅಷ್ಟು ದೂರ ಬಂದು ಗೇಟಿನ ಹೊರಗೆ ನಿಲ್ಲಬೇಕಾಗುತ್ತದೆ.

ಇಂಗ್ಲೆಂಡ್ ಪಂದ್ಯದ ಟಿಕೆಟ್ ಕೈಗೂಡದಿದ್ದರೆ ಅದೇ ಮೈದಾನದಲ್ಲಿ ಬೆಸಸಂಖ್ಯೆಯ ವರ್ಷಗಳಲ್ಲಿ ನಡೆಯುವ ಇಟಲಿಯ ವಿರುದ್ಧದ ಪಂದ್ಯವನ್ನೋ, ನವೆಂಬರಿನಲ್ಲಿ ದಕ್ಷಿಣಾರ್ಧಗೋಳದ ತಂಡಗಳು ಬಂದಾಗ ನಡೆಯುವ ಪಂದ್ಯವನ್ನೋ ನೋಡಬಹುದು. ಕಪ್ ಇರುವುದಿಲ್ಲ, ಆದರೆ ಮೈದಾನವೂ ಹಾಡೂ ಅವೇ.

ವೀಸಾ ವಿಷಯದಲ್ಲಿ ಗಾಬರಿ ಬೇಡ, ಶಿಸ್ತು ಬೇಕು. ಭಾರತೀಯರಿಗೆ ಬೇಕಾಗುವುದು ಬ್ರಿಟನ್ನಿನ ಸಾಮಾನ್ಯ ಸಂದರ್ಶಕ ವೀಸಾ. ಪ್ರಯಾಣಕ್ಕೆ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಬೆರಳಚ್ಚು ಮತ್ತು ಭಾವಚಿತ್ರವನ್ನು ಬೆಂಗಳೂರಿನ ಕೇಂದ್ರದಲ್ಲೇ ಕೊಡಬಹುದು. ಸಾಮಾನ್ಯವಾಗಿ ಮೂರು ವಾರಗಳಲ್ಲಿ ತೀರ್ಮಾನ ತಿಳಿಯುತ್ತದೆ. ಫೆಬ್ರುವರಿಯ ಪಂದ್ಯಕ್ಕೆ ನವೆಂಬರಿನಲ್ಲೇ ಅರ್ಜಿ ಹಾಕಿದರೆ ನಡುವೆ ಬರುವ ಕ್ರಿಸ್‌ಮಸ್ ರಜೆಗಳ ಚಿಂತೆ ಇರುವುದಿಲ್ಲ. ಬ್ಯಾಂಕ್ ಖಾತೆಯ ವಿವರ, ಕೆಲಸ ಮಾಡುವ ಕಡೆಯಿಂದ ರಜೆಯ ಪತ್ರ, ಪಂದ್ಯದ ಟಿಕೆಟ್ ಖರೀದಿಸಿದ ದಾಖಲೆ, ಕೋಣೆಯ ಕಾದಿರಿಸುವಿಕೆ ಇವೆಲ್ಲ ಒಂದೇ ಕಥೆಯನ್ನು ಹೇಳುವಂತಿರಬೇಕು: ಇವರು ಪಂದ್ಯ ನೋಡಲು ಬರುತ್ತಾರೆ, ಖರ್ಚಿಗೆ ಹಣವಿದೆ, ಕೆಲಸಕ್ಕೆ ಹಿಂದಿರುಗುತ್ತಾರೆ. ಪಂದ್ಯದ ಟಿಕೆಟ್ ವೀಸಾಕ್ಕಿಂತ ಮೊದಲು ಕೈಯಲ್ಲಿರಬೇಕು ಎನ್ನುವುದು ಇದಕ್ಕೇ. ವೀಸಾ ಬರುವ ಮೊದಲು ವಿಮಾನಕ್ಕೆ ಹಣ ಕಟ್ಟಬೇಡಿ ಎಂದು ಅಲ್ಲಿನ ಸರ್ಕಾರವೇ ಹೇಳುತ್ತದೆ. ಡಬ್ಲಿನ್‌ಗೂ ಹೋಗಿಬರುವ ಆಸೆಯಿರುವವರು ಐರ್ಲೆಂಡ್ ಬೇರೆ ದೇಶ, ಅದರ ವೀಸಾ ನಿಯಮಗಳೂ ಬೇರೆ ಎಂಬುದನ್ನು ಮರೆಯಬಾರದು.

ಬೆಂಗಳೂರಿನಿಂದ ಎಡಿನ್‌ಬರೊಗೆ ದೋಹಾದಂತಹ ಕಡೆ ವಿಮಾನ ಬದಲಿಸಿ ಹೋಗಬಹುದು. ಅಥವಾ ನೇರವಾಗಿ ಲಂಡನ್ನಿಗೆ ಹೋಗಿ, ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ರೈಲು ಹಿಡಿಯಬಹುದು. ಸುಮಾರು ನಾಲ್ಕೂವರೆ ಗಂಟೆಯ ಆ ರೈಲು ಪ್ರಯಾಣವನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಉತ್ತರಕ್ಕೆ ಸಾಗುವಾಗ ಬಲಗಡೆಯ ಕಿಟಕಿಯ ಆಸನ ಕೇಳಿ ಪಡೆಯಬೇಕು. ನ್ಯೂಕಾಸಲ್ ದಾಟಿದ ಮೇಲೆ ಸಮುದ್ರ ಕಾಣಿಸಿಕೊಂಡು ಬರ್ವಿಕ್ ಊರಿನ ಆಚೆಗೂ ಆಗಾಗ ಜೊತೆಗೇ ಬರುತ್ತದೆ. ಯಾವ ದಾರಿಯಾದರೂ ಶನಿವಾರದ ಪಂದ್ಯಕ್ಕೆ ಗುರುವಾರ ರಾತ್ರಿಯೊಳಗೆ ತಲುಪಿರಬೇಕು. ಚಳಿಗಾಲದಲ್ಲಿ ಗಾಳಿ, ಮಂಜಿನಿಂದ ವಿಮಾನಗಳೂ ರೈಲುಗಳೂ ತಡವಾಗುವುದು ಅಪರೂಪವಲ್ಲ, ಪಂದ್ಯವು ಯಾರಿಗೂ ಕಾಯುವುದಿಲ್ಲ.

ಬಟ್ಟೆಯ ವಿಷಯಕ್ಕೆ ಒಂದೇ ಮಾತು: ಒಂದು ದಪ್ಪ ಕೋಟಿಗಿಂತ ತೆಳುವಾದ ಮೂರು ಪದರಗಳು ಮತ್ತು ಮೇಲೊಂದು ನೀರು ಇಳಿಯದ ಜಾಕೆಟ್ ಒಳ್ಳೆಯದು, ಏಕೆಂದರೆ ಆ ಊರಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಖರ್ಚಿಗೆ ಕಾರ್ಡ್ ಸಾಕು. ಕೈಗೆ ಸ್ಕಾಟ್ಲೆಂಡಿನ ಬ್ಯಾಂಕುಗಳು ಅಚ್ಚುಹಾಕಿದ ನೋಟುಗಳು ಬಂದರೆ ಅನುಮಾನಿಸಬೇಕಿಲ್ಲ, ಅವು ಸರಿಯಾದ ಪೌಂಡುಗಳೇ. ಆದರೆ ಅವನ್ನು ಅಲ್ಲೇ ಖರ್ಚುಮಾಡಿ ಬರುವುದು ಸುಲಭ. ಸಸ್ಯಾಹಾರಿಗಳು ಅಂಜಬೇಕಿಲ್ಲ, ಕುರಿಯ ಮಾಂಸದಿಂದ ಮಾಡುವ ಅಲ್ಲಿನ ಹ್ಯಾಗಿಸ್‌ಗೆ ಬೇಳೆಕಾಳು, ಓಟ್ಸ್ ಹಾಕಿದ ಸಸ್ಯಾಹಾರಿ ರೂಪವೂ ಇದೆ, ಮ್ಯಾಕರೋನಿ ತುಂಬಿದ ಪೈ ಕೂಡ ಬೇಕರಿಗಳಲ್ಲಿ ಸಿಗುತ್ತದೆ.

ಪಂದ್ಯದ ದಿನ ಟ್ರಾಮ್ ಬಿಟ್ಟು ನಡೆದೇ ಹೋಗಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ವಿಮಾನ ನಿಲ್ದಾಣದಿಂದ ನಗರಕ್ಕೆ ಬರುವ ಟ್ರಾಮ್ ಮರ್ರೇಫೀಲ್ಡ್‌ನ ಬಾಗಿಲಲ್ಲೇ ನಿಲ್ಲುತ್ತದೆ, ನಿಜ. ನಡೆಯಲು ಕಷ್ಟವಾಗುವವರಿಗೆ ಅದು ದೊಡ್ಡ ಉಪಕಾರ. ಉಳಿದವರು ಪ್ರಿನ್ಸೆಸ್ ಸ್ಟ್ರೀಟ್‌ನ ಪಶ್ಚಿಮದ ತುದಿಯಿಂದ ಹೇಮಾರ್ಕೆಟ್ ದಾಟಿ ರೋಸ್‌ಬರ್ನ್ ಕಡೆಗೆ ಜನರ ಪ್ರವಾಹದೊಂದಿಗೆ ಸಾಗಬೇಕು. ಕಿಲ್ಟ್ ಎಂಬ ಚೌಕುಳಿ ಲಂಗ ಉಟ್ಟ ತಾತ, ಅವರ ಕೈ ಹಿಡಿದ ಮೊಮ್ಮಗಳು, ಬಿಳಿ ಜೆರ್ಸಿ ತೊಟ್ಟ ಇಂಗ್ಲೆಂಡಿನವರು, ರಸ್ತೆಬದಿಯಲ್ಲಿ ಬ್ಯಾಗ್‌ಪೈಪ್ ನುಡಿಸುವವರು ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಿರುತ್ತಾರೆ. ದಾರಿ ಕೇಳುವ ಅಗತ್ಯವೇ ಬೀಳದು. ಆಟ ಆರಂಭವಾಗುವುದಕ್ಕೆ ಕನಿಷ್ಠ ಒಂದೂವರೆ ಗಂಟೆ ಮೊದಲು ಒಳಗಿರುವಂತೆ ಹೊರಡಬೇಕು. ಚೀಲ ದೊಡ್ಡದಿದ್ದರೆ ಒಳಗೆ ಬಿಡುವುದಿಲ್ಲವಾದ್ದರಿಂದ ಎ4 ಹಾಳೆಯ ಗಾತ್ರದೊಳಗಿನ ಸಣ್ಣ ಚೀಲ ಸಾಕು. ಟಿಕೆಟ್ ಫೋನಿನಲ್ಲಿರುತ್ತದೆ, ಜನಸಂದಣಿಯಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ, ಹಾಗಾಗಿ ಕೋಣೆಯಿಂದ ಹೊರಡುವ ಮೊದಲೇ ಅದನ್ನು ಫೋನಿನಲ್ಲಿ ಇಳಿಸಿಟ್ಟುಕೊಳ್ಳಬೇಕು.

ಆಸನ ಆರಿಸುವ ಅವಕಾಶ ಸಿಕ್ಕರೆ, ಮೊದಲ ಬಾರಿ ನೋಡುವವರು ಮೈದಾನಕ್ಕೆ ಅಂಟಿದ ಮುಂದಿನ ಸಾಲುಗಳಿಗಿಂತ ಎತ್ತರದ ಸಾಲುಗಳನ್ನು ಆರಿಸಿಕೊಳ್ಳಬೇಕು. ಮುಂದಿನ ಸಾಲಿನಲ್ಲಿ ಮೈಗೆ ಮೈ ಬಡಿಯುವ ಸದ್ದು ಕೇಳಿಸುತ್ತದೆ, ಆದರೆ ಮಳೆಯೂ ತಾಕುತ್ತದೆ, ಆಟದ ನಕ್ಷೆ ಕಾಣುವುದಿಲ್ಲ. ಎತ್ತರದಿಂದ ನೋಡಿದರೆ ರಕ್ಷಣೆಯ ಸಾಲು ಎಲ್ಲಿ ತೆಳುವಾಗುತ್ತಿದೆ, ಒದ್ದ ಚೆಂಡು ಯಾವ ಖಾಲಿ ಜಾಗಕ್ಕೆ ಬೀಳುತ್ತದೆ ಎಂಬುದು ಅಂಗೈ ಮೇಲಿನ ಗೆರೆಯಂತೆ ಸ್ಪಷ್ಟವಾಗುತ್ತದೆ. 2025ರ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ತಂಡವನ್ನು ನೋಡಿದವರಿಗೆ ಪರಿಚಯವಾದದ್ದು ಏಳು ಜನರ ಆಟ. ಇಲ್ಲಿ ತಂಡಕ್ಕೆ 15 ಜನ, 40 ನಿಮಿಷಗಳ ಎರಡು ಅವಧಿಗಳು. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ‘ಟ್ರೈ’, ಅದಕ್ಕೆ 5 ಅಂಕ; ಬಳಿಕ ಕಂಬಗಳ ನಡುವೆ ಒದ್ದರೆ 2; ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಒದೆತಕ್ಕೆ ಅಥವಾ ಆಟದ ನಡುವೆ ಚೆಂಡನ್ನು ನೆಲಕ್ಕೆ ಬೀಳಿಸಿ ಒದೆಯುವ ಡ್ರಾಪ್ ಗೋಲಿಗೆ 3. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಕಬಡ್ಡಿ ನೋಡಿ ಬೆಳೆದವರಿಗೆ ಹಿಡಿತದ ಸೊಗಸನ್ನು ಯಾರೂ ವಿವರಿಸಬೇಕಿಲ್ಲ.

ಎರಡೂ ತಂಡದ ಬೆಂಬಲಿಗರು ಬೆರೆತು ಕೂರುತ್ತಾರೆ. ಪಕ್ಕದಲ್ಲಿ ಕೂತವರು ಎದುರಾಳಿಯಾಗಿದ್ದರೂ ಮಾತಾಡಿಸುವುದು ಅಲ್ಲಿನ ವಾಡಿಕೆ. ನಿಯಮ ಅರ್ಥವಾಗದಿದ್ದರೆ ಸಂಕೋಚವಿಲ್ಲದೆ ಅವರನ್ನೇ ಕೇಳಬಹುದು. ಯಾವ ತಂಡದವರೇ ಆಗಲಿ, ಕಂಬಗಳತ್ತ ಒದೆಯಲು ನಿಂತಾಗ ಮೌನವಾಗಿರುವುದು ಮರ್ಯಾದೆ.

ರಾಷ್ಟ್ರಗೀತೆಗಳ ಹೊತ್ತಿಗೆ ಯಾವ ಕಾರಣಕ್ಕೂ ತಿಂಡಿಯ ಸಾಲಿನಲ್ಲಿ ನಿಂತಿರಬಾರದು. ಸ್ಕಾಟ್ಲೆಂಡಿನವರು ತಮ್ಮ ಗೀತೆಯ ಮೊದಲ ಚರಣವನ್ನು ಬ್ಯಾಗ್‌ಪೈಪಿನೊಂದಿಗೆ ಹಾಡುತ್ತಾರೆ. ಎರಡನೆಯ ಚರಣಕ್ಕೆ ವಾದ್ಯಗಳು ನಿಲ್ಲುತ್ತವೆ, ಹಾಡು ನಿಲ್ಲುವುದಿಲ್ಲ. ಅರವತ್ತು ಸಾವಿರ ಕಂಠಗಳು ವಾದ್ಯದ ಆಸರೆಯಿಲ್ಲದೆ ಶ್ರುತಿ ಹಿಡಿದು ನಿಲ್ಲುವ ಆ ಅರೆನಿಮಿಷಕ್ಕಾಗಿಯೇ ಇಷ್ಟು ದೂರ ಬರಬಹುದು. 1990ರ ಮಾರ್ಚ್ 17ರಂದು ಎರಡೂ ತಂಡಗಳು ಆ ವರ್ಷದ ಎಲ್ಲ ಪಂದ್ಯಗಳನ್ನೂ ಗೆದ್ದು ಇಲ್ಲಿ ಎದುರಾದಾಗ, ಸ್ಕಾಟ್ಲೆಂಡಿನ ನಾಯಕ ಡೇವಿಡ್ ಸೋಲ್ ತನ್ನ ತಂಡವನ್ನು ಓಡಿಸದೆ ನಿಧಾನವಾಗಿ ನಡೆಸಿಕೊಂಡು ಮೈದಾನಕ್ಕೆ ಬಂದರು; ಸ್ಕಾಟ್ಲೆಂಡ್ 13–7ರಿಂದ ಗೆದ್ದಿತು. 2024ರಲ್ಲಿ ಸ್ಕಾಟ್ಲೆಂಡಿನ ಆಟಗಾರ ಡುಹಾನ್ ವಾನ್ ಡರ್ ಮರ್ವ ಮೂರು ಟ್ರೈ ಗಳಿಸಿ 30–21ರ ಗೆಲುವು ತಂದದ್ದೂ ಇದೇ ಹುಲ್ಲಿನ ಮೇಲೆ. ಇವನ್ನು ತಿಳಿದು ಹೋದವರಿಗೆ ಆ ಹಾಡು ಇನ್ನಷ್ಟು ಆಳವಾಗಿ ಕೇಳಿಸುತ್ತದೆ.

ಪಂದ್ಯ ಮುಗಿದೊಡನೆ ಹೊರಡಬೇಡಿ. ಕಪ್ ನೀಡುವುದನ್ನು ನೋಡಿ, ಜನ ಕರಗಲು ಅರ್ಧ ಗಂಟೆ ಬಿಟ್ಟು ಹೊರಬಂದರೆ ನೂಕುನುಗ್ಗಲು ತಪ್ಪುತ್ತದೆ. ಹೇಮಾರ್ಕೆಟ್ ನಿಲ್ದಾಣದ ಹೊರಗೆ ರೈಲಿಗಾಗಿ ಉದ್ದದ ಸಾಲು ಇರುತ್ತದೆ. ಮಕ್ಕಳೊಂದಿಗೆ ಬಂದವರು ಹತ್ತಿರದಲ್ಲೆಲ್ಲಾದರೂ ಊಟ ಮುಗಿಸಿ ಒಂದೆರಡು ಗಂಟೆ ತಡವಾಗಿ ಹೋಗುವುದು ಮೇಲು.

ಮರಳುವ ವಿಮಾನವನ್ನು ಭಾನುವಾರಕ್ಕೆ ಇಟ್ಟುಕೊಳ್ಳದೆ ಸೋಮವಾರಕ್ಕೆ ಇಟ್ಟುಕೊಳ್ಳಬೇಕು ಎಂದು ನಾನು ಒತ್ತಾಯಿಸುವುದಕ್ಕೆ ಒಂದು ಕಾರಣವಿದೆ. ಭಾನುವಾರ ಬೆಳಗ್ಗೆ ನಗರದ ಮಧ್ಯದಿಂದ ಉತ್ತರಕ್ಕೆ ಇಳಿಜಾರಿನಲ್ಲಿ ನಡೆದರೆ ಸ್ಟಾಕ್‌ಬ್ರಿಜ್ ಎಂಬ ಬಡಾವಣೆ ಸಿಗುತ್ತದೆ, ಅಲ್ಲಿ ಅಂದು ಸಂತೆಯೂ ಇರುತ್ತದೆ. ಅದಕ್ಕೆ ಹೊಂದಿಕೊಂಡೇ ರೇಬರ್ನ್ ಪ್ಲೇಸ್ ಮೈದಾನವಿದೆ. 1871ರ ಮಾರ್ಚ್ 27ರಂದು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಜಗತ್ತಿನ ಮೊತ್ತಮೊದಲ ಅಂತರರಾಷ್ಟ್ರೀಯ ರಗ್ಬಿ ಪಂದ್ಯವನ್ನು ಆಡಿದ್ದು ಅಲ್ಲಿ. ಎಂಟು ವರ್ಷಗಳ ನಂತರ, ಕಲ್ಕತ್ತೆಯ ರೂಪಾಯಿಗಳಿಂದ ಮಾಡಿದ ಕಪ್‌ಗಾಗಿ ಮೊದಲ ಬಾರಿ ಸೆಣಸಿ ಸಮಬಲ ಸಾಧಿಸಿದ್ದೂ ಅಲ್ಲೇ.