ಎಪ್ಪತ್ತು ಜನರ ರೆಟ್ರೋ: ನಾನು ನಡೆಸುವ ಬಗೆ

ಮುಗಿದ ಕೆಲಸವನ್ನು ಹಿಂತಿರುಗಿ ನೋಡಿ, ಮುಂದೆ ಏನು ಸುಧಾರಿಸಬೇಕೆಂದು ತಂಡ ಚರ್ಚಿಸುವ ಸಭೆಯೇ ರೆಟ್ರೋಸ್ಪೆಕ್ಟಿವ್, ಚಿಕ್ಕದಾಗಿ ರೆಟ್ರೋ. ಒಂದು ಸಣ್ಣ ತಂಡದ ರೆಟ್ರೋ ನಡೆಸುವುದಕ್ಕೂ ಎಪ್ಪತ್ತು ಜನರನ್ನು ಒಂದೇ ಸಭಾಂಗಣದಲ್ಲಿ ಕೂರಿಸಿಕೊಂಡು ನಡೆಸುವುದಕ್ಕೂ ಹೆಸರೊಂದನ್ನು ಬಿಟ್ಟರೆ ಹೋಲಿಕೆ ಕಡಿಮೆ. ಸ್ಕ್ರಮ್ (ಸ್ಪ್ರಿಂಟ್ ಎಂಬ ಸಣ್ಣ ಅವಧಿಗಳಲ್ಲಿ ಕೆಲಸ ಮಾಡುವ ಪದ್ಧತಿ) ತಂಡದಲ್ಲಿ ಸಾಮಾನ್ಯವಾಗಿ ಹತ್ತು ಅಥವಾ ಅದಕ್ಕಿಂತ ಕಡಿಮೆ ಜನ ಇರುತ್ತಾರೆ ಎನ್ನುತ್ತದೆ ಆ ಪದ್ಧತಿಯ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್. ಒಂದು ತಿಂಗಳ ಸ್ಪ್ರಿಂಟ್‌ಗೆ ರೆಟ್ರೋ ಹೆಚ್ಚೆಂದರೆ ಮೂರು ಗಂಟೆ ಎಂದೂ ಹೇಳುತ್ತದೆ. ಎಪ್ಪತ್ತು ಜನ ತಲಾ ಎರಡು ನಿಮಿಷ ಮಾತನಾಡಿದರೂ ಎರಡು ಗಂಟೆ ಇಪ್ಪತ್ತು ನಿಮಿಷ ಕಳೆಯುತ್ತದೆ, ಒಂದು ತೀರ್ಮಾನವೂ ಆಗಿರುವುದಿಲ್ಲ. ಮೈಕ್ ಕೈಯಿಂದ ಕೈಗೆ ಹೋಗುವ ಸಭೆಯಲ್ಲಿ ಕೊನೆಗೆ ಮಾತನಾಡುವವರು ಯಾವಾಗಲೂ ಮಾತನಾಡುವ ಐದಾರು ಜನ ಮಾತ್ರ.

ಬೆಂಗಳೂರಿನಲ್ಲಿ ಒಂದೇ ಸಾಫ್ಟ್‌ವೇರ್ ಉತ್ಪನ್ನಕ್ಕಾಗಿ ದುಡಿಯುವ ಎಂಟು ತಂಡಗಳ ನಡುವೆ ಸ್ಕ್ರಮ್ ಮಾಸ್ಟರ್ (ಈ ಪದ್ಧತಿ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವ ಹೊಣೆ) ಆಗಿ ಕೆಲಸ ಮಾಡುತ್ತೇನೆ. ಮೂರು ತಿಂಗಳಿಗೊಮ್ಮೆ ಎಲ್ಲರನ್ನೂ ಸೇರಿಸುತ್ತೇವೆ. ಅಂಥ ಸಭೆ ಏನನ್ನು ಚರ್ಚಿಸಬಾರದು ಎಂಬುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೋಡ್ ರಿವ್ಯೂ ತಡವಾಗುತ್ತದೆ, ಬೆಳಗಿನ ಸಭೆ ಉದ್ದವಾಗುತ್ತದೆ ಎಂಬಂಥವು ಆಯಾ ತಂಡದ ಮನೆಯೊಳಗಿನ ವಿಷಯಗಳು. ಅವುಗಳಿಗೆ ಇನ್ನೊಂದು ತಂಡದವರ ಸಮಯ ಕೇಳುವುದು ತಪ್ಪು. ಹಾಗಾಗಿ ಹಿಂದಿನ ವಾರವೇ ಪ್ರತಿ ತಂಡವೂ ತನ್ನ ರೆಟ್ರೋ ಮುಗಿಸಿಕೊಳ್ಳುತ್ತದೆ. ಅದರ ಕೊನೆಯಲ್ಲಿ ನಾನು ಕೇಳುವುದು ಒಂದೇ ಪ್ರಶ್ನೆ: ನೀವೇ ಸರಿಪಡಿಸಿಕೊಳ್ಳಲು ಆಗದ್ದು ಯಾವುದು? ಅದಕ್ಕೆ ಬಂದ ಉತ್ತರಗಳು ಮಾತ್ರ ದೊಡ್ಡ ಸಭೆಗೆ ಬರುತ್ತವೆ.

ಕೂರುವ ವ್ಯವಸ್ಥೆಯ ಬಗ್ಗೆ ನನಗೆ ಹಟವಿದೆ. ಮೇಜಿಗೆ ಎಂಟು ಜನ, ತಂಡಕ್ಕೊಬ್ಬರಂತೆ. ಪರಿಚಿತರೆಲ್ಲ ಒಂದೆಡೆ ಕುಳಿತರೆ ತಮ್ಮ ತಂಡದ ಹಳೆಯ ದೂರುಗಳನ್ನೇ ಮತ್ತೆ ಹೇಳಿಕೊಳ್ಳುತ್ತಾರೆ. ಇನ್ನೊಂದು ನಿಯಮವನ್ನು ಎಂದೂ ಸಡಿಲಿಸುವುದಿಲ್ಲ: ಯಾರ ಅಪ್ರೈಸಲ್ ಯಾರ ಕೈಯಲ್ಲಿದೆಯೋ ಅವರಿಬ್ಬರು ಒಂದೇ ಮೇಜಿನಲ್ಲಿ ಇರಕೂಡದು. ಮ್ಯಾನೇಜರ್ ಎಷ್ಟೇ ಒಳ್ಳೆಯವರಾಗಿರಲಿ, ಎದುರಿಗಿದ್ದರೆ ಹೊಸದಾಗಿ ಸೇರಿದವರ ಬಾಯಿ ಕಟ್ಟುತ್ತದೆ.

ಮಾತಿಗೆ ಮುಂಚೆ ಬರವಣಿಗೆ. ಗೋಡೆಯುದ್ದಕ್ಕೂ ಕಂದು ಕಾಗದ ಹಚ್ಚಿ ಮೂರು ತಿಂಗಳ ವಾರಗಳನ್ನು ಗುರುತಿಸಿ, ರಿಲೀಸ್ (ಹೊಸ ಆವೃತ್ತಿಯ ಬಿಡುಗಡೆ) ಆದ ದಿನ, ಸರ್ವರ್ ಬಿದ್ದ ದಿನ, ಹಬ್ಬದ ರಜೆ ಎಲ್ಲವನ್ನೂ ಮೊದಲೇ ಬರೆದಿಟ್ಟಿರುತ್ತೇನೆ. ಎಲ್ಲರೂ ತಮಗೆ ತೊಡಕಾದದ್ದನ್ನು ಚೀಟಿಯಲ್ಲಿ ಬರೆದು ಆಯಾ ವಾರದಡಿ ಅಂಟಿಸುತ್ತಾರೆ. ಆಮೇಲೆ ಮೇಜಿಗೆ ಮರಳಿ ಮೊದಲು ಒಬ್ಬೊಬ್ಬರೇ ಯೋಚಿಸುತ್ತಾರೆ, ನಂತರ ಇಬ್ಬಿಬ್ಬರು ಸೇರಿ, ನಂತರ ನಾಲ್ವರು, ಕೊನೆಗೆ ಇಡೀ ಮೇಜು. ಲಿಬರೇಟಿಂಗ್ ಸ್ಟ್ರಕ್ಚರ್ಸ್ ಎಂಬ ವಿಧಾನಗಳ ಗುಂಪಿನಿಂದ ಎತ್ತಿಕೊಂಡ ಕ್ರಮ ಇದು. ಎಪ್ಪತ್ತು ಜನರೂ ಒಂದೇ ಹೊತ್ತಿನಲ್ಲಿ ಬಾಯಿ ತೆರೆಯುವ ಇದಕ್ಕಿಂತ ಸರಳವಾದ ದಾರಿಯನ್ನು ನಾನು ಕಂಡಿಲ್ಲ.

ಒಂದು ಸಲ ಆ ಕಾಗದದ ಮೇಲೆ ಮೂರು ಚೀಟಿಗಳು ಅಕ್ಕಪಕ್ಕ ಬಂದು ಕುಳಿತವು. ಟೆಸ್ಟಿಂಗ್ ಮಾಡುವ ಯುವತಿಯೊಬ್ಬರು "ಗುರುವಾರ ಸ್ಟೇಜಿಂಗ್ ಸರ್ವರ್ (ಬಿಡುಗಡೆಗೆ ಮುನ್ನ ಪರೀಕ್ಷಿಸುವ ಸರ್ವರ್) ಸಿಗುವುದಿಲ್ಲ" ಎಂದು ಬರೆದಿದ್ದರು. ಪಾವತಿ ವಿಭಾಗದ ತಂಡದವರು "ಗುರುವಾರ ನಮ್ಮ ಪರೀಕ್ಷಾ ಡೇಟಾ ಅಳಿದುಹೋಗುತ್ತದೆ" ಎಂದು ಬರೆದಿದ್ದರು. ಸರ್ವರ್ ನೋಡಿಕೊಳ್ಳುವವರದು "ಗುರುವಾರ ರಾತ್ರಿಯೇ ಏಕೆ ಇಷ್ಟು ಫೋನ್?" ಎಂಬ ಪ್ರಶ್ನೆ. ಮೂವರೂ ಇದು ತಮ್ಮೊಬ್ಬರದೇ ಗೋಳು ಎಂದುಕೊಂಡಿದ್ದರು. ಒಂದರ ಮೇಲೊಂದು 'ಏಕೆ' ಕೇಳುತ್ತಾ ಮೂಲ ಕಾರಣ ಹುಡುಕುವ, ಟೊಯೋಟಾ ಕಾರ್ಖಾನೆಗಳಿಂದ ಬಂದ ಐದು 'ಏಕೆ'ಗಳ ಪದ್ಧತಿಯನ್ನು ಹಿಡಿದು ಅಲ್ಲೇ ಕೇಳುತ್ತಾ ಹೋದೆವು. ಎಲ್ಲ ತಂಡಗಳೂ ಲೋಡ್ ಟೆಸ್ಟ್ (ಸಿಸ್ಟಂ ಎಷ್ಟು ಒತ್ತಡ ತಾಳುತ್ತದೆ ಎಂಬ ಪರೀಕ್ಷೆ) ಮಾಡುತ್ತಿದ್ದುದು ಗುರುವಾರವೇ. ಏಕೆಂದರೆ ಶುಕ್ರವಾರ ರಿಲೀಸ್. ಇಪ್ಪತ್ತನಾಲ್ಕು ಗಂಟೆಗಿಂತ ಹಳೆಯ ಪರೀಕ್ಷಾ ವರದಿಯನ್ನು ರಿಲೀಸ್ ಅನುಮತಿಗೆ ಒಪ್ಪುತ್ತಿರಲಿಲ್ಲ. ಆ ಷರತ್ತು ಏಕೆ ಎಂಬ ಪ್ರಶ್ನೆಗೆ ಯಾವ ತಂಡದಲ್ಲೂ ಉತ್ತರವಿರಲಿಲ್ಲ.

ಉತ್ತರ ಪಕ್ಕದ ಮೇಜಿನಲ್ಲಿತ್ತು. "ರಿಲೀಸ್ ಮೂರು ತಿಂಗಳಿಗೊಮ್ಮೆ ಆಗುತ್ತಿದ್ದ ಕಾಲದಲ್ಲಿ ನಾನೇ ತಂದ ನಿಯಮ ಅದು. ಬಿಡುಗಡೆಯಾಗುವ ಆವೃತ್ತಿಯದೇ ವರದಿಯಾಗಿದ್ದರೆ ಸಾಕು, ಗಂಟೆ ಎಣಿಸಬೇಕಿಲ್ಲ" ಎಂದರು ರಿಲೀಸ್ ಮ್ಯಾನೇಜರ್. ಅವರು ಅಲ್ಲಿರದಿದ್ದರೆ ನಾವು "ರಿಲೀಸ್ ನಿಯಮವನ್ನು ಪರಿಶೀಲಿಸಬೇಕು" ಎಂದು ಬರೆದುಕೊಂಡು ಎದ್ದು ಹೋಗುತ್ತಿದ್ದೆವು, ಆ ಸಾಲು ಯಾವುದೋ ಫೈಲಿನಲ್ಲಿ ಉಳಿಯುತ್ತಿತ್ತು. ನಿಯಮ ಬದಲಿಸುವ, ಹಣ ಮಂಜೂರು ಮಾಡುವ ಅಧಿಕಾರ ಇರುವವರು ಸಭೆಯ ಉತ್ತರಾರ್ಧದಲ್ಲಾದರೂ ಕುಳಿತಿರಬೇಕು ಎಂದು ನಾನು ಒತ್ತಾಯಿಸುವುದು ಇದಕ್ಕೇ. ಅವರ ಬಿಡುವು ನೋಡಿಕೊಂಡೇ ದಿನ ಗೊತ್ತು ಮಾಡುತ್ತೇನೆ.

ಯಾವ ವಿಷಯ ಕೈಗೆತ್ತಿಕೊಳ್ಳಬೇಕು ಎಂಬುದಕ್ಕೆ ಚುಕ್ಕಿ ಅಂಟಿಸಿ ಮತ ಹಾಕುವ ರೂಢಿಯನ್ನು ದೊಡ್ಡ ಗುಂಪಿನಲ್ಲಿ ಕೈಬಿಟ್ಟಿದ್ದೇನೆ. ಅಲ್ಲಿ ಹೆಚ್ಚು ಜನರಿರುವ ತಂಡದ ಕಿರಿಕಿರಿ ಗೆಲ್ಲುತ್ತದೆ, ರಾತ್ರಿಯೆಲ್ಲ ಫೋನ್ ಎತ್ತುವ ನಾಲ್ಕು ಜನರ ಸಂಕಟ ಸೋಲುತ್ತದೆ. ಅದರ ಬದಲು, 1980ರ ದಶಕದಲ್ಲಿ ಹ್ಯಾರಿಸನ್ ಓವನ್ ರೂಪಿಸಿದ ಓಪನ್ ಸ್ಪೇಸ್ ಮಾದರಿಯಲ್ಲಿ, ವಿಷಯವನ್ನು ಹೊತ್ತವರು ಒಂದೊಂದು ಮೂಲೆಯಲ್ಲಿ ನಿಲ್ಲುತ್ತಾರೆ, ಉಳಿದವರು ತಮಗೆ ಬೇಕಾದ ಕಡೆ ಹೋಗುತ್ತಾರೆ. ನಾಲ್ಕೇ ಜನ ಸೇರಿದರೂ ಆ ಮೂಲೆ ಉಳಿಯುತ್ತದೆ. ಯಾರೂ ಬಾರದ ವಿಷಯವನ್ನು ಆ ಸಲಕ್ಕೆ ಬಿಟ್ಟುಬಿಡುತ್ತೇವೆ.

ಅರ್ಧ ಜನ ಸಭಾಂಗಣದಲ್ಲಿ, ಅರ್ಧ ಜನ ಪರದೆಯ ಮೇಲೆ ಎಂಬ ಏರ್ಪಾಡನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಬ್ಬರು ದೂರದಲ್ಲಿದ್ದರೂ ಸರಿ, ಎಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪ್‌ನಿಂದಲೇ ಸೇರುತ್ತಾರೆ.

ಕೊನೆಯಲ್ಲಿ ಉಳಿಯುವ ಕೆಲಸಗಳು ಮೂರನ್ನು ಮೀರಬಾರದು. ಒಂದೊಂದಕ್ಕೂ ಅಲ್ಲೇ ಇರುವ ಒಬ್ಬರ ಹೆಸರು ಬೇಕು, "ಎಲ್ಲರೂ" ಎಂದು ಬರೆಯಲು ಬಿಡುವುದಿಲ್ಲ. ಅವು ಪ್ರತ್ಯೇಕ ಪಟ್ಟಿಗೆ ಹೋಗದೆ ನೇರವಾಗಿ ಬಾಕಿ ಕೆಲಸಗಳ ಮುಖ್ಯ ಪಟ್ಟಿಯಾದ ಬ್ಯಾಕ್‌ಲಾಗ್‌ಗೆ, ಹೊಸ ಫೀಚರ್‌ಗಳ ಸಾಲಿಗೇ ಸೇರುತ್ತವೆ. ಮುಂದಿನ ದೊಡ್ಡ ರೆಟ್ರೋ ಶುರುವಾಗುವುದು ಅವು ಏನಾದವು ಎಂಬ ವರದಿಯಿಂದ. ಈ ಕೆಲಸಗಳಿಗೆ ಸ್ಪ್ರಿಂಟ್ ಯೋಜನೆಯಲ್ಲಿ ಜಾಗ ಸಿಗದಿದ್ದರೆ ಮತ್ತೆ ಎಪ್ಪತ್ತು ಜನರ ಅರ್ಧ ದಿನವನ್ನು ಕೇಳುವುದಿಲ್ಲ ಎಂದು, ಯಾವ ಕೆಲಸ ಮೊದಲು ಎಂಬುದನ್ನು ನಿರ್ಧರಿಸುವ ಪ್ರಾಡಕ್ಟ್ ಓನರ್‌ಗಳಿಗೆ ಮೊದಲೇ ತಿಳಿಸಿರುತ್ತೇನೆ.